ಮಳೆಯಿಲ್ಲದೆ ಬಂದ ನಾಲ್ಕಡಿ

ಬುಧವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಸಂಗವ್ವನ ಕೆರೆಗೆ ನಾಲ್ಕಡಿ ನೀರು ಬಂತು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಮಾರ್ಚ್ ತಿಂಗಳ ಬಿಸಿಲು ಮೆಣಸಗಟ್ಟಿ ಊರನ್ನು ಹಂಚಿನ ಮೇಲಿನ ರೊಟ್ಟಿಯ ಹಾಗೆ ಸುಡುತ್ತಿತ್ತು. ಕಾಲುವೆಗೆ ನೀರು ಬಿಟ್ಟಿರಲಿಲ್ಲ. ಆದರೂ ನಗರಸಭೆಯ ಮೂರನೇ ಮಹಡಿಯ ನಿಯಂತ್ರಣ ಕೊಠಡಿಯಲ್ಲಿ, ಹದಿನೈದು ಅಡಿ ಎಂದು ತೋರಿಸುತ್ತಿದ್ದ ಪರದೆ ಕಣ್ಣು ಮಿಟುಕಿಸುವುದರೊಳಗೆ ಹತ್ತೊಂಬತ್ತು ಎಂದಿತು. ನೀಲಾಂಬಿಕಾ ಹೊಸಮನಿ ಅದನ್ನು ಕಣ್ಣಾರೆ ಕಂಡಳು.

"ಇದೇನ್ರಿ ಅಕ್ಕಾರ! ಗಂಗವ್ವ ತಾಯಿ ಹೊಸಾ ಮನಿ ನೋಡಾಕ ಬಂದಾಳೇನು?" ಎಂದ ಪಕ್ಕದ ಕುರ್ಚಿಯ ಮಕ್ತುಮ್ ನದಾಫ್. ಅವನು ಅವಳ ಕೈಕೆಳಗಿನ ಎಂಜಿನಿಯರು. ಚುರುಕು ಹುಡುಗ, ಬಾಯಿಗೆ ಮಾತ್ರ ಬಾಗಿಲಿಲ್ಲ.

ಹೊಸ ಮನೆ ಎಂದು ಅವನು ಹೇಳಿದ್ದು ಯಾವುದನ್ನು ಅಂತ ಬಿಡಿಸಿ ಹೇಳಬೇಕು. ಒಂದು ಕಾಲದಲ್ಲಿ ಮೆಣಸಗಟ್ಟಿಯ ಜುಟ್ಟು ವಾಲ್ವ್ ತಿರುಗಿಸುವವನ ಕೈಯಲ್ಲಿತ್ತು. ಯಾರ ಓಣಿಗೆ ಎಷ್ಟು ಹೊತ್ತು ನೀರು ಎಂಬುದು ಅವನ ಮರ್ಜಿ. ಒಂದು ಬೇಸಿಗೆಯಲ್ಲಿ ಜಗಳ ಹೊಡೆದಾಟಕ್ಕೆ ಹೋಗಿ ಎರಡು ಹೆಣ ಬಿದ್ದವು. ಸರ್ಕಾರ ಎಚ್ಚೆತ್ತು ಕಾಯ್ದೆ ತಂದಿತು: ಇನ್ನು ಮೇಲೆ ನೀರಿನ ಸರದಿಯನ್ನು ಯಂತ್ರವೇ ನಿರ್ಧರಿಸಬೇಕು, ಮನುಷ್ಯನ ಕೈ ಅದಕ್ಕೆ ತಾಗಕೂಡದು, ತಾಗಿದರೆ ಮೂರು ವರ್ಷ ಜೈಲು, ಪಿಂಚಣಿಗೂ ಕತ್ತರಿ. ಹಿಂದಿನ ಕಾಲದಲ್ಲಿ ಕೆರೆಯ ತೂಬು ಎತ್ತಿ ಹೊಲಗಳಿಗೆ ನೀರು ಹಂಚುತ್ತಿದ್ದವನ ಹೆಸರನ್ನೇ ಯಂತ್ರಕ್ಕೂ ಇಟ್ಟರು, ನೀರಗಂಟಿ. ಇದೆಲ್ಲ ಆಗಿ ಹತ್ತೊಂಬತ್ತು ವರ್ಷ.

ಈ ನೀರಗಂಟಿಗೆ ಮೈಯಿಲ್ಲ. ಅದೊಂದು ವರ್ಚುವಲ್ ಯಂತ್ರ. ಎಂದರೆ ದೊಡ್ಡ ಸರ್ವರಿನ ಹೊಟ್ಟೆಯಲ್ಲಿ ಬಾಡಿಗೆಗಿರುವ ಸಣ್ಣ ಕಂಪ್ಯೂಟರು. ಬೀದಿದೀಪದ ಯಂತ್ರ, ತೆರಿಗೆಯ ಯಂತ್ರ, ಜನನ ಮರಣದ ಯಂತ್ರ, ಹೀಗೆ ಹದಿನೆಂಟು ಬಾಡಿಗೆದಾರರು ಅಲ್ಲಿದ್ದರು. ಅವರನ್ನೆಲ್ಲ ಹದ್ದುಬಸ್ತಿನಲ್ಲಿಡುವ ಮನೆಮಾಲೀಕನಿಗೆ ಹೈಪರ್‌ವೈಸರ್ ಎಂದು ಹೆಸರು. ಬಾಡಿಗೆದಾರರ ಕೋಣೆಗೆ ಕಿಟಕಿ ಇರುವುದಿಲ್ಲ. ಹೊರಗೆ ಏನು ನಡೆದಿದೆ, ಕೆರೆಯಲ್ಲಿ ನೀರೆಷ್ಟಿದೆ, ಎಲ್ಲವನ್ನೂ ಮಾಲೀಕ ಹೇಳಬೇಕು, ಇವರು ನಂಬಬೇಕು. ಈಗ ಹಳೆಯ ಮಾಲೀಕನ ಪರವಾನಗಿ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತಿತ್ತು. ಹದಿನೇಳು ಯಂತ್ರಗಳು ಕಮಕ್ ಕಿಮಕ್ ಎನ್ನದೆ ಹೊಸ ಹೈಪರ್‌ವೈಸರಿಗೆ ಸ್ಥಳಾಂತರವಾಗಿದ್ದವು. ಕೊನೆಯದಾಗಿ ನೀರಗಂಟಿಯನ್ನು ಎಬ್ಬಿಸಿ ಹೊಸ ಮನೆಯಲ್ಲಿ ಕೂರಿಸಿದ ಗಳಿಗೆಯಲ್ಲೇ ಈ ನಾಲ್ಕಡಿ ಬಂದಿತ್ತು.

ಅರ್ಧ ಗಂಟೆಯಲ್ಲಿ ನೀರಗಂಟಿ ಹೊಸ ಸರದಿ ಬರೆಯಿತು. ಎಂಟು ದಿನಕ್ಕೊಮ್ಮೆ ಬರುತ್ತಿದ್ದ ನೀರು ಮೂರು ದಿನಕ್ಕೊಮ್ಮೆ! ಪೌರಾಯುಕ್ತ ಜಾಲಿಹಾಳರು ಫೋನಿನಲ್ಲೇ ಕುಣಿದಾಡಿದರು. "ಸೋಮವಾರ ಸಹಿ ಹಾಕಿಬಿಡ್ರಿ ಮೇಡಂ. ಹಳೇದೂ ಹೊಸದೂ ಒಂದ ಅಂತ ಒಂದು ಪ್ರಮಾಣಪತ್ರ. ಆಮೇಲೆ ಹಳೇದನ್ನ ಅಳಿಸಿ ಒಗದ್ರ ಆತು."

ಹಳೆಯದೂ ಹೊಸದೂ ಒಂದೇ ಆದರೆ ಈ ನಾಲ್ಕಡಿ ಎಲ್ಲಿತ್ತು? ಇಬ್ಬರು ಮಾಲೀಕರಲ್ಲಿ ಒಬ್ಬ ಸುಳ್ಳ. ಯಾರೆಂದು ತಿಳಿಯದೆ ಸಹಿ ಹಾಕಿದರೆ, ಇಲ್ಲದ ನೀರನ್ನು ಊರಿಗೆ ಹಂಚಿ ಮೇ ತಿಂಗಳಲ್ಲಿ ಅರುವತ್ತು ಸಾವಿರ ಜನರನ್ನು ಒಣ ನಳದ ಮುಂದೆ ನಿಲ್ಲಿಸಿದ ಪಾಪ ತನ್ನದೇ ಆಗುತ್ತದೆ. ನೀಲಾಂಬಿಕಾ ಪ್ರಮಾಣಪತ್ರದ ಹಾಳೆಯನ್ನು ಮೇಜಿನ ಖಾನೆಗೆ ಹಾಕಿದಳು.

ರಾತ್ರಿ ಊಟಕ್ಕೆ ಕೂತಾಗ ಅವಳು ಸುದ್ದಿ ಹೇಳಿದಳು. ಗಂಡ ಮಹಾಂತೇಶ ಶಾಲಾ ಮಾಸ್ತರು. "ಬಂದ ಭಾಗ್ಯಾನ ಯಾರರ ಬ್ಯಾಡ ಅಂತಾರೇನ?" ಎಂದು ನಕ್ಕ. ಮಾವ ಚನ್ನಮಲ್ಲಪ್ಪ ಮಾತ್ರ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. ಅವರು ಅದೇ ನಿಯಂತ್ರಣ ಕೊಠಡಿಯಲ್ಲಿ ಮೇಲ್ವಿಚಾರಕರಾಗಿದ್ದು ಆರು ವರ್ಷದ ಹಿಂದೆ ನಿವೃತ್ತರಾದವರು. ಸೊಸೆಗೆ ಈ ಕೆಲಸದ ಅಕ್ಷರ ತಿದ್ದಿಸಿದವರೂ ಅವರೇ.

"ಸರಿಯಾಗಿ ನಾಲ್ಕ ಅಡಿ ಏನವಾ?"

"ಒಂದ ಬೆರಳು ಹೆಚ್ಚಿಲ್ಲ, ಕಮ್ಮಿ ಇಲ್ರಿ ಮಾವಾರ."

"ಹಳೇದನ್ನ ಅಳಸೂದು ಎಂದ?"

"ಸೋಮವಾರ ಮಧ್ಯಾಹ್ನರಿ."

"ಹೂಂ," ಎಂದು ಅವರು ಮಜ್ಜಿಗೆ ಕೇಳಿದರು. ಕೊಟ್ಟ ಮಜ್ಜಿಗೆ ಕುಡಿಯಲಿಲ್ಲ.

ಪಾತ್ರೆ ತೊಳೆಯುವಾಗ ನೀಲಾಂಬಿಕೆಗೆ ಥಟ್ಟನೆ ಹೊಳೆಯಿತು. ಮೂವತ್ತು ವರ್ಷ ನೀರಿನ ಖಾತೆಯಲ್ಲಿ ದುಡಿದ ಮನುಷ್ಯ, ನೀರು ಬಂತೆಂದರೆ ಮೊದಲು ಎಲ್ಲಿಂದ ಬಂತು ಎನ್ನಬೇಕು. ಇವರು ಅದನ್ನು ಕೇಳಲೇ ಇಲ್ಲ. ನಾಲ್ಕು ಹೌದೋ ಅಲ್ಲವೋ ಎಂದಷ್ಟೇ ಕೇಳಿದರು. ಅಂದರೆ ನಾಲ್ಕು ಎನ್ನುವುದು ಅವರಿಗೆ ಮೊದಲೇ ಗೊತ್ತಿತ್ತು.

ಗುರುವಾರ ಅವಳು ಹಳೆಯ ಮಾಲೀಕನ ಮನೆಯನ್ನು ಜಾಲಾಡಿದಳು. ಸ್ಥಳಾಂತರದ ತಂತ್ರಾಂಶ ಬಾಡಿಗೆದಾರರ ಸಾಮಾನನ್ನೆಲ್ಲ ಚಾಚೂ ತಪ್ಪದೆ ಹೊತ್ತು ತಂದಿತ್ತು, ನೆನಪು, ಕಡತ, ದಿನಚರಿ ಎಲ್ಲ. ಮಾಲೀಕನ ಸ್ವಂತ ಕಪಾಟನ್ನು ಮಾತ್ರ ಮುಟ್ಟಿರಲಿಲ್ಲ, ಅದು ಅದರ ಕೆಲಸವೂ ಅಲ್ಲ. ಆ ಕಪಾಟಿನಲ್ಲಿ ಆರೇ ಸಾಲಿನ ಒಂದು ಪುಟ್ಟ ಪ್ರೋಗ್ರಾಂ ಸಿಕ್ಕಿತು. ಕೆರೆಯ ದಂಡೆಯ ಮಾಪಕ ಹೇಳಿದ ಅಂಕಿಯನ್ನು ತಗೋ, ಅದರಲ್ಲಿ ನಾಲ್ಕು ಕಳೆ, ಉಳಿದದ್ದನ್ನು ನೀರಗಂಟಿಗೆ ಹೇಳು. ಅಷ್ಟೇ. ಹನ್ನೊಂದು ವರ್ಷದ ಹಿಂದೆ ಕಳೆಯುತ್ತಿದ್ದದ್ದು ಎರಡು. ಮರುವರ್ಷ ಎರಡೂವರೆ, ಆಮೇಲೆ ಮೂರು, ಮೂರೂವರೆ, ಕಡೆಗೆ ನಾಲ್ಕು. ಬರೆದವರ ಹೆಸರಿನ ಜಾಗದಲ್ಲಿ ಚ. ಮ. ಹೊಸಮನಿ ಎಂದಿತ್ತು.

ಹೊಸ ಮಾಲೀಕನಿಗೆ ಈ ಉಪದೇಶ ಯಾರೂ ಮಾಡಿರಲಿಲ್ಲ. ಅವನು ಮಾಪಕ ಹೇಳಿದ್ದನ್ನೇ ಹೇಳಿದ್ದ.

ಅಷ್ಟರಲ್ಲಿ ಮಕ್ತುಮ್ ಚಹಾ ಹಿಡಿದು ಬಂದ. ಅವಳು ಗಡಬಡಿಸಿ ಪರದೆ ಮುಚ್ಚಿದಳು.

"ಯಾಕ್ರಿ ಅಕ್ಕಾರ, ನನ್ನ ನೋಡಿ ಮುಚ್ಚಿಬಿಟ್ರಿ?"

"ಏನಿಲ್ಲೋ. ಮನಿ ಕೆಲಸ."

ಅದೇನೂ ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಮಕ್ತುಮ್ ಚಹಾದ ಕಪ್ಪು ಇಟ್ಟು ಅವಳ ಮುಖವನ್ನೇ ಒಂದು ಕ್ಷಣ ನೋಡಿದ. ಹೋಗುವಾಗ ತಿರುಗಿ, "ನಿಮ್ಮ ಮಾವಾರು ಮುಂಜಾನೆ ನನಗ ಫೋನ್ ಮಾಡಿದ್ರು. ಹೊಸಾದರಾಗ ಒಳಗ ಕೈಯಾಡಸಾಕ ಯಾರ್ಯಾರಿಗೆ ಪರವಾನಗಿ ಐತಿ ಅಂತ ಕೇಳಿದ್ರು. ಯಾಕ್ರಿ?" ಎಂದ.

"ನನಗೇನ ಗೊತ್ತು?" ಎಂದಳು ನೀಲಾಂಬಿಕಾ. ಚಹಾ ಕಹಿಯಾಗಿತ್ತು.

ಅನುಮಾನದ ಕಣ್ಣಿಗೆ ಹಗ್ಗವೆಲ್ಲ ಹಾವು. ಟ್ಯಾಂಕರ್ ನೀರು ಮಾರುವ ರುದ್ರಗೌಡ ಸಂಜೆಯಾದರೆ ಅವರ ಮನೆ ಕಟ್ಟೆಯ ಮೇಲೆ ಯಾಕೆ ಕೂತಿರುತ್ತಾನೆ? ನಾದಿನಿಯ ಮದುವೆಗೆ ಕೇಳದೆಯೇ ಆರು ಟ್ಯಾಂಕರ್ ನೀರು ಯಾಕೆ ಕಳಿಸಿದ? ಕೆರೆಯ ನೀರನ್ನು ನೀರಗಂಟಿಯ ಕಣ್ಣಿಂದ ಮರೆಮಾಡಿ ಗೆಳೆಯನ ಟ್ಯಾಂಕರಿಗೆ ಕಾದಿರಿಸಿದ್ದರೆ? ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನು ಯಾರಿಗೆ ಹೇಳುವುದು! ಶುಕ್ರವಾರವೆಲ್ಲ ಅವಳು ಮಾವನ ಬೆನ್ನನ್ನೇ ನೋಡುತ್ತ ಓಡಾಡಿದಳು. ತನಗೆ ಕೆಲಸ ಕಲಿಸಿದ ಮನುಷ್ಯನನ್ನು, ತನ್ನ ಬಾಣಂತನದಲ್ಲಿ ಕೂಸಿನ ಬಟ್ಟೆ ಒಗೆದು ಹಾಕಿದ ಮನುಷ್ಯನನ್ನು ಹೀಗೆ ಕಳ್ಳನಂತೆ ಕಾಯಬೇಕಾಯಿತಲ್ಲ ಎಂದು ಅವಳಿಗೆ ಅಳುವೇ ಬಂತು. ಸಹಿ ಹಾಕಿ ಸುಮ್ಮನಿದ್ದರೆ ಸೋಮವಾರ ಮಧ್ಯಾಹ್ನ ಆ ಆರು ಸಾಲೂ ಅಳಿಸಿ ಹೋಗುತ್ತವೆ, ಮಾವನ ಮಾನವೂ ಉಳಿಯುತ್ತದೆ ಎಂಬ ಯೋಚನೆಯೂ ಬಂದು ಹೋಯಿತು. ಬಂದದ್ದಕ್ಕೆ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಶನಿವಾರ ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಕೆರೆಗೆ ಹೋದಳು. ತೂಬಿನ ಕಲ್ಲುಕಂಬದ ಮೇಲೆ ಕೆರೆ ಕಟ್ಟಿದ ಕಾಲದಲ್ಲಿ ಕೆತ್ತಿದ ಅಡಿ ಗುರುತುಗಳಿದ್ದವು. ಯಂತ್ರ ಬಂದ ಮೇಲೆ ಅವನ್ನು ಓದುವವರಿಲ್ಲದೆ ಪಾಚಿ ಬೆಳೆದಿತ್ತು. ಕೆರೆಯಲ್ಲಿ ಮೀನು ಹಿಡಿಯುವ ಅಂಬಿಗರ ತಿಪ್ಪವ್ವ ತನ್ನ ಹರಗೋಲಿನಲ್ಲಿ ಅವಳನ್ನು ಕಂಬದ ಹತ್ತಿರ ಒಯ್ದು ಕತ್ತದ ಚೂರಿನಿಂದ ಪಾಚಿ ತಿಕ್ಕಿದಳು. ನೀರು ಹತ್ತೊಂಬತ್ತರ ಗೆರೆಗೆ ಮುಟ್ಟಿತ್ತು.

ಹೊಸ ಮಾಲೀಕ ನಿಜ ಹೇಳಿದ್ದ. ಹಾಗಾದರೆ ಸುಳ್ಳ ತನ್ನ ಮನೆಯಲ್ಲೇ ಇದ್ದಾನೆ. ನೀಲಾಂಬಿಕಾ ಹರಗೋಲಿನ ಅಂಚು ಹಿಡಿದು ತಲೆ ತಗ್ಗಿಸಿ ಕೂತಳು.

"ಯಾಕವಾ, ಚಕ್ಕರ ಬಂತೇನ?" ಎಂದಳು ತಿಪ್ಪವ್ವ. "ಹೆದರಬ್ಯಾಡ, ಮೊದಲಿನಷ್ಟು ಆಳ ಎಲ್ಲೈತಿ ಈಗ? ನನ್ನ ಕೋಲು ಹದಿಮೂರಡಿ. ಎಲ್ಲಿ ಇಳಿಬಿಟ್ರೂ ನೆಲಾ ಮುಟ್ಟತೈತಿ."

"ಹದಿಮೂರ ಅಡಿ ಕೋಲು ಹತ್ತೊಂಬತ್ತ ಅಡಿ ನೀರಾಗ ಹೆಂಗ ಮುಟ್ಟತೈತೆ ಯವ್ವಾ?"

ತಿಪ್ಪವ್ವ ಕೋಲನ್ನು ನೀರಿಗೆ ಬಿಟ್ಟಳು. ಹನ್ನೊಂದೂವರೆ ಅಡಿಗೆ ಅದು ಮೆತ್ತಗೆ ನಿಂತಿತು. ಮೇಲೆತ್ತಿದಾಗ ತುದಿಗೆ ಬೂದುಬಣ್ಣದ ಕೆಸರು ಮೆತ್ತಿಕೊಂಡಿತ್ತು. ಒಂಬತ್ತು ಕಡೆ ಅಳೆದರು. ಎಲ್ಲ ಕಡೆ ಹೆಚ್ಚುಕಡಿಮೆ ಅಷ್ಟೇ ನೀರು, ಅದರ ಕೆಳಗೆ ಏಳೂವರೆ ಅಡಿ ಹೂಳು. ದಂಡೆಯ ಮಾಪಕ ನೀರಿನ ಮೇಲ್ಮೈಯನ್ನಷ್ಟೇ ನೋಡಬಲ್ಲದು. ಅದರ ತಲೆಯಲ್ಲಿ ಕೆರೆಯ ತಳ ಅಂದರೆ ಕಟ್ಟಿದ ದಿನದ ತಳ.

"ನಿಮ್ಮ ಮಾವಾರಿಗೆ ಇದು ಗೊತ್ತೈತಲ್ಲ," ಎಂದಳು ತಿಪ್ಪವ್ವ. "ವರ್ಷಾ ಶಿವರಾತ್ರಿ ಆದಮ್ಯಾಲ ಬಂದು ಅಳೀತಿದ್ರು, ನನ್ನ ಗಂಡ ಹರಗೋಲು ಹಾಕತಿದ್ದ. ಮಂಡಿ ಹ್ವಾದಮ್ಯಾಲ ಬರೂದು ಬಿಟ್ರು."

ನೀಲಾಂಬಿಕಾ ದಂಡೆಗಿಳಿದಳು. ಮಾವ ನೀರು ಕದ್ದಿರಲಿಲ್ಲ. ಹೂಳನ್ನು ಲೆಕ್ಕದಿಂದ ಕಳೆದಿದ್ದರು. ಎರಡು ದಿನ ತಾನು ಎಂಥೆಂಥದನ್ನು ಯೋಚಿಸಿಬಿಟ್ಟೆ ಎಂದು ನಾಚಿಕೆಯಿಂದ ಮೈ ಹಿಡಿಯಾಯಿತು.

ಮಧ್ಯಾಹ್ನ ಚನ್ನಮಲ್ಲಪ್ಪ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಸೊಸೆಯ ಸೀರೆಯ ಅಂಚಿನ ಕೆಸರು ನೋಡಿ, "ಕೆರಿಗೆ ಹೋಗಿದ್ದೇನವಾ?" ಎಂದರು. ಮುಚ್ಚುಮರೆ ಮಾಡಲಿಲ್ಲ.

"ಮೂರ ಸಲ ಪತ್ರಾ ಬರದೆ, ಕೆರ್ಯಾಗ ಹೂಳು ತುಂಬಾಕ ಹತ್ತೇತಿ ಅಂತ. ಕೆರಿ ಆಳ ಗೆಜೆಟ್‌ದಾಗ ಬರದೈತಿ, ಯಂತ್ರದ ಲೆಕ್ಕ ತಪ್ಪಂಗಿಲ್ಲ, ನೀವು ಮೂಗು ತೂರಸಬ್ಯಾಡ್ರಿ ಅಂತ ಉತ್ತರ ಬಂತು. ಇಲ್ಲದ ನೀರು ಐತಿ ಅಂತ ತಿಳಕೊಂಡು ನೀರಗಂಟಿ ಹಂಚಿದ್ರ ಏನ ಗತಿ? ಅದಕ್ಕ ಕೈ ಹಚ್ಚಿದ್ರ ಜೈಲು. ಅದಕ್ಕ, ಅದರ ಮಾಲಕನ ಬಾಯಾಗ ಒಂದ ಮಾತು ಹಾಕಿದೆ. ಹನ್ನೊಂದ ವರ್ಷ ಈ ಊರಿನ ನಳಾ ಒಣಗಿಲ್ಲ ನೋಡು."

"ನಾ ನಿಮ್ಮನ್ನ ಕಳ್ಳ ಅಂತ ತಿಳಕೊಂಡಿದ್ದೆ ಮಾವಾರ. ತಪ್ಪಾತ್ರಿ."

"ಇರಲಿ ಬಿಡು. ನಿನ್ನ ಜಾಗಾದಾಗ ನಾ ಇದ್ರೂ ಹಂಗ ತಿಳಕೋತಿದ್ದೆ. ಈಗ ಹೊಸಾ ಮಾಲಕಗೂ ನಾಲ್ಕು ಕಳಿ ಅಂತ ಹೇಳಿಬಿಡು, ಮುಗೀತು."

"ನಾಲ್ಕಲ್ರಿ. ಏಳೂವರಿ."

ಚನ್ನಮಲ್ಲಪ್ಪ ಅವಳನ್ನೇ ನೋಡಿದರು. "ಏಳೂವರಿ?"

"ನೀವು ಅಳಿಯೂದು ಬಿಟ್ಟ ಆರು ವರ್ಷ ಆತ್ರಿ. ಗುಡ್ಡದ ಮ್ಯಾಲೆ ಕ್ವಾರಿ ಶುರುವಾಗಿ ಮಣ್ಣೆಲ್ಲಾ ಹರದು ಕೆರಿಗೆ ಬಂದೈತಿ. ಹ್ವಾದ ಬ್ಯಾಸಿಗ್ಯಾಗ ನಳದಾಗ ರಾಡಿ ಬಂತಲ್ರಿ, ಪೈಪು ಒಡದಾವ ಅಂತ ನಾವೆಲ್ಲಾ ಬಾಯಿ ಬಡಕೊಂಡ್ವಿ."

ಮುದುಕ ಒಮ್ಮೆ ಬೀದಿಯ ಕಡೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಹಂಗಾದ್ರ ಏಳೂವರಿ ಹಾಕು. ಯಾರಿಗೂ ಗೊತ್ತಾಗೂದಿಲ್ಲ," ಎಂದರು.

ಆಗ ನೀಲಾಂಬಿಕೆಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. "ಗೊತ್ತಾಗಬಾರದು ಅನ್ನೂದ ತಪ್ಪಾತ್ರಿ ಮಾವಾರ! ನೀವು ಊರಿಗೆ ನೀರು ಉಳಿಸಿದ್ರಿ, ಖರೆ. ಆದ್ರ ಕೆರಿ ತುಂಬಾಕ ಹತ್ತೇತಿ ಅನ್ನೂದನ್ನೂ ಮುಚ್ಚಿಟ್ರಿ. ನೀರು ಕಮ್ಮಿ ಆದಾಗೆಲ್ಲಾ ಮಳಿ ಕಮ್ಮಿ ಅಂದ್ರು ಮಂದಿ. ಹನ್ನೊಂದ ವರ್ಷದಾಗ ಒಬ್ಬರರ ಒಂದ ಬುಟ್ಟಿ ಮಣ್ಣ ತಗದಾರೇನ್ರಿ? ನಾ ಏಳೂವರಿ ಹಾಕತೀನಿ. ನನ್ನ ಮುಂದಿನವರು ಹತ್ತು ಹಾಕತಾರ. ಆಮೇಲೆ ಕಳಿಯಾಕ ನೀರ ಇರೂದಿಲ್ಲ."

ಚನ್ನಮಲ್ಲಪ್ಪ ಎದ್ದು ಒಳಗೆ ಹೋದರು. ಆ ದಿನ ಊಟ ಬೇಡವೆಂದು ಮಲಗಿಬಿಟ್ಟರು.

ಭಾನುವಾರ ಅವಳು ಕಾಯ್ದೆಯ ಪುಸ್ತಕ ಹಿಡಿದು ಕೂತಳು. ಓದಿದಷ್ಟೂ ತಲೆ ಕೆಟ್ಟಿತು. ಕೆರೆಯಲ್ಲಿ ಹೂಳಿದೆ ಎಂದು ದೂರು ಕೊಡಲು ಅದರಲ್ಲಿ ಒಂದು ಕಲಮೂ ಇರಲಿಲ್ಲ. ಆದರೆ ಇಂಥವರು ಯಂತ್ರಕ್ಕೆ ತಪ್ಪು ಮಾಹಿತಿ ಕೊಟ್ಟಿದ್ದಾರೆ ಎಂದು ಹೆಸರು ಬರೆದು ಸಹಿ ಹಾಕಿದರೆ, ಹೊಸ ಸರದಿ ತಾನಾಗಿ ನಿಲ್ಲುತ್ತದೆ, ಒಂದೇ ದಿನದೊಳಗೆ ಸರ್ಕಾರದವರು ಬಂದು ಕೆರೆಯನ್ನು ಮುಟ್ಟಿ ಅಳೆಯಲೇಬೇಕು. ಹೂಳಿಗೆ ಕಿವಿಯಿಲ್ಲದ ಕಾಯ್ದೆಗೆ ಅಪರಾಧಕ್ಕೆ ಮಾತ್ರ ಕಿವಿ ಇತ್ತು. ಹೆಸರಿಲ್ಲದ ದೂರು ನಡೆಯುವುದಿಲ್ಲ ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು. ಪುಸ್ತಕವನ್ನು ಅಡುಗೆಮನೆಯ ಕಪಾಟಿನ ಮೇಲೆ ಬೋರಲು ಹಾಕಿ ಮಲಗಿದಳು. ಬೆಳಿಗ್ಗೆ ಎದ್ದು ನೋಡಿದಾಗ ಅದು ಅಂಗಾತ ಇತ್ತು.

ಸೋಮವಾರ ಹನ್ನೊಂದೂವರೆಗೆ ಪೌರಾಯುಕ್ತರು ಪೇಡೆಯ ಡಬ್ಬಿ ಹಿಡಿದುಕೊಂಡೇ ಬಂದರು. ಮೂರು ದಿನಕ್ಕೊಮ್ಮೆ ನೀರು ಎಂಬ ಸುದ್ದಿ ಆಗಲೇ ಊರೆಲ್ಲ ಹಬ್ಬಿತ್ತು. "ಸಹಿ ಆತೇನ್ರಿ ಮೇಡಂ?"

"ಬರ್ಯಾಕತ್ತೀನ್ರಿ ಸರ," ಎಂದಳು ನೀಲಾಂಬಿಕಾ.

ಅವಳು ಬರೆಯುತ್ತಿದ್ದದ್ದು ಪ್ರಮಾಣಪತ್ರವನ್ನಲ್ಲ ಎಂಬುದು ಮಕ್ತುಮ್‌ಗೆ ಕಂಡಿತು. ನಾಲ್ಕು ದಿನದಿಂದ ಅವಳ ಮೇಲೆ ಕಣ್ಣಿಟ್ಟವನು ಈಗ ಎದ್ದು ಬಂದು ಬೆನ್ನ ಹಿಂದೆ ನಿಂತ. ದೂರಿನ ಹಾಳೆಯಲ್ಲಿ ವ್ಯತ್ಯಾಸದ ಕಾರಣ, ಅಳತೆ ಮಾಡಿದ ದಿನ, ಹೂಳಿನ ಆಳ, ಎಲ್ಲ ತುಂಬಿತ್ತು. ಹಸ್ತಕ್ಷೇಪ ಮಾಡಿದವರ ಹೆಸರು ಎಂಬಲ್ಲಿ ಅವಳ ಪೆನ್ನು ನಿಂತುಬಿಟ್ಟಿತ್ತು. ಗೋಡೆಯ ಗಡಿಯಾರ ಹನ್ನೊಂದು ಐವತ್ತು ತೋರಿಸುತ್ತಿತ್ತು. ಒಂದು ಅಕ್ಷರ ಬರೆದಳು, ಮತ್ತೆ ನಿಲ್ಲಿಸಿದಳು.

ಬಾಗಿಲಲ್ಲಿ ಏದುಸಿರು ಕೇಳಿಸಿತು. ಚನ್ನಮಲ್ಲಪ್ಪ ಗೋಡೆ ಹಿಡಿದುಕೊಂಡು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೊಪ್ಪಿಗೆ. ಮದುವೆಗೆ ಹೊರಟವರಂತೆ ಅಣಿಯಾಗಿ ಬಂದಿದ್ದರು.

"ಪೆನ್ನ ಕೊಡವಾ ಇಲ್ಲೆ," ಎಂದರು.

"ಮಾವಾರ, ಬ್ಯಾಡ್ರಿ..."

"ನೀ ಬರದ್ರ ಸೊಸಿ ಮಾವನ ಹಿಡಿದು ಕೊಟ್ಟಳು ಅಂತಾರ. ಕಾಯ್ದೆ ನಾನೂ ಓದೀನಿ. ಕೊಡು."

ಅವರು ಕೂತು, ತಮ್ಮ ಪೂರ್ತಿ ಹೆಸರನ್ನು ಒಂದಕ್ಷರವೂ ಕೂಡದಂತೆ ಬಿಡಿಸಿ ಬರೆದರು. ಕೆಳಗೆ ಹುದ್ದೆ, ನಿವೃತ್ತಿಯ ದಿನ, ಸಹಿ. ಮಕ್ತುಮ್ ಹಾಳೆ ತೆಗೆದುಕೊಂಡು ಯಂತ್ರಕ್ಕೆ ಉಣಿಸಿದ. ಮೂರು ದಿನದ ಸರದಿ ಪರದೆಯಿಂದ ಮಾಯವಾಯಿತು. ಪೌರಾಯುಕ್ತರು ಪೇಡೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಏನ ಮಾಡಿದ್ರಿ ಹೊಸಮನಿಯವರ ಇದು, ಹುಚ್ಚ ಹಿಡದೈತೇನ್ರಿ ನಿಮಗ?" ಎನ್ನುತ್ತ ಪೊಲೀಸ್ ಠಾಣೆಗೆ ಫೋನು ಹಚ್ಚಲು ಹೊರಗೆ ಹೋದರು. ಮಕ್ತುಮ್ ನೀಲಾಂಬಿಕೆಯ ಮುಖ ನೋಡಲಾರದೆ, "ಅಕ್ಕಾರ, ನಾ ಏನೇನೋ ತಿಳಕೊಂಡಿದ್ದೆ," ಎಂದ. ಅವಳು ತಲೆಯಾಡಿಸಿದಳು.

ಅಷ್ಟರಲ್ಲಿ ಸಾರ್ವಜನಿಕರ ಫೋನು ಬಡಿದುಕೊಂಡಿತು. ನೀಲಾಂಬಿಕಾ ಎತ್ತಿದಳು.

"ಹನ್ನೊಂದನೇ ವಾರ್ಡಿನಿಂದ ಮಾತಾಡಾಕತ್ತೀನ್ರಿ," ಎಂದಿತು ಹೆಂಗಸಿನ ದನಿ. "ಮೂರ ದಿನಕ್ಕ ಒಮ್ಮೆ ನೀರು ಅಂತ ಹೇಳ್ಯಾರ. ನಮ್ಮ ಓಣಿಗೆ ಯಾವತ್ತ ಬರತೈತ್ರಿ?"

"ಮೂರ ದಿನಕ್ಕ ಬರೂದಿಲ್ರಿ. ಎಂಟ ದಿನಕ್ಕೂ ಬರೂದು ಕಷ್ಟ ಐತಿ. ಕೆರ್ಯಾಗ ಅಷ್ಟ ನೀರಿಲ್ಲ, ಹೂಳು ತುಂಬೇತಿ."

"ಹೂಳು? ಇಷ್ಟ ದಿನಾ ಯಾರೂ ಹೇಳಲಿಲ್ಲಲ್ರಿ! ಎಷ್ಟ ತುಂಬೇತಿ?"

ನೀಲಾಂಬಿಕಾ ಮಾವನ ಕಡೆ ನೋಡಿದಳು. ಚನ್ನಮಲ್ಲಪ್ಪ ಕೈ ಚಾಚಿ ಅವಳಿಂದ ಫೋನು ತೆಗೆದುಕೊಂಡರು.

"ಏಳೂವರಿ ಅಡಿ ಐತಿ ತಂಗಿ," ಎಂದರು. "ನಾ ಮುಚ್ಚಿಟ್ಟಿದ್ದೆ."